‘ಸರ್, ಒಂದೇ ನಿಮಿಷ’: ಬೇಡದ ಕರೆಗೆ, ಬಾಗಿಲಿಗೆ ಬರುವ ಮಾರಾಟಕ್ಕೆ ಏನು ಮಾಡಬೇಕು?

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯದ ಕಡೆ ಮನೆ ಮಾಡಿಕೊಂಡವರಿಗೆ ಮಧ್ಯಾಹ್ನದ ನಿದ್ದೆ ಸೋಮಾರಿತನವಲ್ಲ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಬಂದು ಮಲಗುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರ ಫೋನ್ ಹನ್ನೊಂದಕ್ಕೆ ಶುರುವಾಗುತ್ತದೆ. ಪರ್ಸನಲ್ ಲೋನ್, ಕ್ರೆಡಿಟ್ ಕಾರ್ಡ್, ಹೊಸಕೋಟೆಯಲ್ಲಿ ಸೈಟ್, ಸರ್ಜಾಪುರದಲ್ಲಿ ಫ್ಲ್ಯಾಟ್. ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡವರಿಗೆ ಬ್ಯುಸಿನೆಸ್ ಲೋನಿನ ಕರೆ. ಫೋನ್ ಸುಮ್ಮನಾಯಿತು ಎನ್ನುವಾಗ ಕಾಲಿಂಗ್ ಬೆಲ್. ಬಾಗಿಲಲ್ಲಿ ವಾಟರ್ ಫಿಲ್ಟರ್‌ನವರು.

ಹೆಚ್ಚಿನವರು ಮಾಡುವುದು ಒಂದೇ ಕೆಲಸ. ನಂಬರನ್ನು ಬ್ಲಾಕ್ ಮಾಡಿ ಸುಮ್ಮನಾಗುತ್ತಾರೆ. ಬ್ಲಾಕ್ ಮಾಡಿದರೆ ಆ ಒಂದು ನಂಬರು, ನಿಮ್ಮ ಒಂದು ಫೋನಿಗೆ ನಿಲ್ಲುತ್ತದೆ. ಅದೇ ಕಂಪನಿ ನಾಳೆ ಇನ್ನೊಂದು ನಂಬರಿಂದ ಕರೆಯುತ್ತದೆ. ಪಕ್ಕದ ಮನೆಯವರಿಗಂತೂ ಕರೆ ಬರುತ್ತಲೇ ಇರುತ್ತದೆ. ಕಾನೂನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಬ್ಲಾಕನ್ನಲ್ಲ, ದೂರನ್ನು. ಈ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಡಿಎನ್‌ಡಿ ಎಂದರೇನು?

ಡಿಎನ್‌ಡಿ ಎಂದರೆ ‘ಡು ನಾಟ್ ಡಿಸ್ಟರ್ಬ್’, ‘ತೊಂದರೆ ಕೊಡಬೇಡಿ’ ಎಂದು ಫೋನ್ ಕಂಪನಿಯಲ್ಲಿ ಹೆಸರು ಬರೆಸುವ ಪಟ್ಟಿ. ಇದನ್ನು ನೋಡಿಕೊಳ್ಳುವುದು ಟ್ರಾಯ್, ಅಂದರೆ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ. ಮೊದಲ ಪಟ್ಟಿ ಬಂದದ್ದು 2007ರಲ್ಲಿ. 2018ರಲ್ಲಿ ನಿಯಮವನ್ನು ಪೂರ್ತಿ ಹೊಸದಾಗಿ ಬರೆದರು. 2025ರ ಫೆಬ್ರುವರಿಯಲ್ಲಿ ಅದನ್ನು ಇನ್ನಷ್ಟು ಬಿಗಿ ಮಾಡಿದರು. ‘ಹಿಂದೆ ಹಾಕಿಸಿದ್ದೆ, ಏನೂ ಆಗಲಿಲ್ಲ’ ಎನ್ನುವವರು ಬಹಳ ಜನ. ಅವರು ನೋಡಿದ್ದು ಹಳೆಯ ನಿಯಮದ ಕಾಲ. ಈಗಿನದು ಬೇರೆ, ಇನ್ನೊಮ್ಮೆ ಪ್ರಯತ್ನಿಸಿ ನೋಡುವುದರಲ್ಲಿ ಅರ್ಥವಿದೆ.

ಹೆಸರು ಬರೆಸುವುದು ಹೀಗೆ. ನಿಮ್ಮ ಫೋನಿಂದ 1909ಕ್ಕೆ ಕರೆ ಮಾಡಿ, ಹೇಳಿದಂತೆ ಒತ್ತುತ್ತಾ ಹೋಗಿ. ಇಲ್ಲವೇ ಇಂಗ್ಲಿಷ್ ಅಕ್ಷರದಲ್ಲಿ ‘ಸ್ಟಾರ್ಟ್’ ಎಂದು ಬರೆದು, ಒಂದು ಜಾಗ ಬಿಟ್ಟು, ಸೊನ್ನೆ ಹಾಕಿ 1909ಕ್ಕೆ ಎಸ್‌ಎಂಎಸ್ ಕಳಿಸಿ. ಸೊನ್ನೆ ಎಂದರೆ ಎಲ್ಲ ಬಗೆಯ ಪ್ರಚಾರವೂ ಬೇಡ ಎಂದು. ಕೆಲವನ್ನು ಮಾತ್ರ ತಡೆಯುವುದಕ್ಕೂ ದಾರಿ ಇದೆ: ಬ್ಯಾಂಕು ಮತ್ತು ವಿಮೆ, ರಿಯಲ್ ಎಸ್ಟೇಟ್, ಶಿಕ್ಷಣ, ಆರೋಗ್ಯ, ಪ್ರವಾಸ ಎಂದು ವಿಭಾಗಗಳಿವೆ. ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ಇದನ್ನು ಆರಿಸಬಹುದು. ಯಾವ ದಿನ, ಯಾವ ಹೊತ್ತು ಬೇಡ ಎಂದು ಗುರುತು ಮಾಡುವ ಅವಕಾಶವನ್ನೂ 2018ರ ನಿಯಮ ಕೊಟ್ಟಿದೆ. ಆದರೆ ಹಗಲು ಮಲಗುವವರಿಗೆ ನನ್ನ ಸಲಹೆ ಪೂರ್ತಿ ತಡೆಯೇ. ಇದಕ್ಕೆಲ್ಲ ಖರ್ಚಿಲ್ಲ. 1909 ಉಚಿತ. ಮನೆಯಲ್ಲಿ ನಾಲ್ಕು ಸಿಮ್ ಇದ್ದರೆ ನಾಲ್ಕಕ್ಕೂ ಬೇರೆ ಬೇರೆ ಮಾಡಬೇಕು.

‘ಎಲ್ಲ ತಡೆದರೆ ಬ್ಯಾಂಕಿನ ಓಟಿಪಿ ಬರುವುದಿಲ್ಲವೇ?’ ಬರುತ್ತದೆ. ತಡೆ ಇರುವುದು ಪ್ರಚಾರಕ್ಕೆ ಮಾತ್ರ. ಓಟಿಪಿ, ಖಾತೆಗೆ ಹಣ ಬಂದ ಸುದ್ದಿ, ಬೆಸ್ಕಾಂ ಬಿಲ್, ಆಸ್ಪತ್ರೆಯ ಅಪಾಯಿಂಟ್‌ಮೆಂಟ್, ಇವಕ್ಕೆ ಏನೂ ಆಗುವುದಿಲ್ಲ. ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆಯನ್ನು ನೋಡಿ. ಒಂದು ಅಡ್ಡಗೆರೆ, ಅದರ ಮುಂದೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ‘ಪಿ’ ಇದ್ದರೆ ಪ್ರಚಾರ. ‘ಎಸ್’ ಸೇವೆಯ ಸಂದೇಶ. ‘ಟಿ’ ವ್ಯವಹಾರದ್ದು. ‘ಜಿ’ ಸರ್ಕಾರದ್ದು.

ಕರೆಗಳಿಗೂ ಗುರುತಿದೆ. ಪ್ರಚಾರದ ಕರೆ 140ರಿಂದ ಶುರುವಾಗುವ ನಂಬರಿಂದಲೇ ಬರಬೇಕು. ಬ್ಯಾಂಕಿನವರು ನಿಮ್ಮ ಖಾತೆಯ ವಿಚಾರ ಮಾತಾಡಲು 1600ರಿಂದ ಶುರುವಾಗುವ ನಂಬರು ಬಳಸಬೇಕು. ರಿಸರ್ವ್ ಬ್ಯಾಂಕ್ ಕೂಡ 2025ರ ಜನವರಿಯಲ್ಲಿ ಇದನ್ನೇ ಬ್ಯಾಂಕುಗಳಿಗೆ ಹೇಳಿತು. ಮಾಮೂಲಿ ಹತ್ತು ಅಂಕಿಯ ಮೊಬೈಲ್ ನಂಬರಿಂದ ‘ಸರ್, ಪ್ರೀ ಅಪ್ರೂವ್ಡ್ ಲೋನ್ ಇದೆ’ ಎಂದು ಯಾರಾದರೂ ಕರೆದರೆ ಹಾಗೆ ಕರೆಯುವುದೇ ನಿಯಮ ಮೀರಿದಂತೆ. ನೀವು ಡಿಎನ್‌ಡಿ ಹಾಕಿಸಿರಲಿ, ಬಿಡಲಿ, ಅಂಥ ಕರೆಯ ಮೇಲೆ ದೂರು ಕೊಡಬಹುದು. 2025ರ ತಿದ್ದುಪಡಿ ಇದನ್ನು ಸ್ಪಷ್ಟ ಮಾಡಿದೆ.

ದೂರು ಕೊಡುವುದು

ಇಲ್ಲೇ ಹೆಚ್ಚಿನವರು ಕೈಬಿಡುವುದು. ಎರಡು ನಿಮಿಷದ ಕೆಲಸ, ಆದರೆ ಕ್ರಮ ತಪ್ಪಿದರೆ ದೂರು ತಿರಸ್ಕೃತವಾಗುತ್ತದೆ.

1909ಕ್ಕೇ ಎಸ್‌ಎಂಎಸ್ ಮಾಡಿ. ಮೊದಲು ಏನು ಕರೆ ಎಂದು ಒಂದು ಸಾಲು. ಅಲ್ಪವಿರಾಮ. ನಂತರ ಕರೆ ಬಂದ ನಂಬರು. ಅಲ್ಪವಿರಾಮ. ನಂತರ ದಿನಾಂಕ: ದಿನ, ತಿಂಗಳು, ವರ್ಷ, ನಡುವೆ ಓರೆಗೆರೆ. ‘ದೇವನಹಳ್ಳಿ ಸೈಟ್ ಕೊಳ್ಳಿ ಎಂದು ಕರೆ’ ಎಂಬಷ್ಟು ವಿವರವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಾಕು. ಪ್ರಚಾರದ ಎಸ್‌ಎಂಎಸ್ ಬಂದಿದ್ದರೆ ಅದರ ಮಾತುಗಳನ್ನೇ ನಕಲು ಮಾಡಿ ಹಾಕಿ. ಬರೆಯುವುದು ಕಷ್ಟವಾದರೆ 1909ಕ್ಕೆ ಕರೆ ಮಾಡಿ ಹೇಳಿ. ಇಲ್ಲವೇ ಡಿಎನ್‌ಡಿ ಆ್ಯಪ್ ತೆರೆದು ಕರೆಗಳ ಪಟ್ಟಿಯಲ್ಲಿ ಆ ನಂಬರನ್ನು ಒತ್ತಿ.

ಕರೆ ಬಂದ ಏಳು ದಿನದೊಳಗೆ ದೂರು ಹೋಗಬೇಕು. ಮೊದಲು ಮೂರೇ ದಿನ ಇತ್ತು. ಮಾಮೂಲಿ ನಂಬರುಗಳಿಂದ ಪ್ರಚಾರ ಮಾಡುವವರ ಮೇಲೆ ಐದು ದಿನದೊಳಗೆ ಕ್ರಮ ಆಗಬೇಕು. ಇದಕ್ಕೆ ಮೊದಲು ಮೂವತ್ತು ದಿನ ಇತ್ತು. ಇನ್ನು ಈ ನಿಯಮದ ಜೀವ ಇರುವ ಜಾಗ: ಹತ್ತು ದಿನದೊಳಗೆ ಒಬ್ಬರ ಮೇಲೆ ಐದು ದೂರು ಬಂದರೆ ಕ್ರಮ ಶುರುವಾಗುತ್ತದೆ. ಹಿಂದೆ ಏಳು ದಿನದಲ್ಲಿ ಹತ್ತು ದೂರು ಬೇಕಿತ್ತು. ಈಗ ನಿಮ್ಮ ಅಪಾರ್ಟ್‌ಮೆಂಟಿನ ಐದು ಮನೆ ಸಾಕು. ‘ನಿಮಗೂ ಈ ನಂಬರಿಂದ ಕರೆ ಬಂತಾ?’ ಎಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೇಳಿ ಗೊಣಗಿ ಸುಮ್ಮನಾಗುವ ಬದಲು, ಕರೆ ಬಂದವರೆಲ್ಲ ಅವತ್ತೇ ಒಂದೊಂದು ಎಸ್‌ಎಂಎಸ್ ಹಾಕಿ.

ಮೊದಲ ತಪ್ಪಿಗೆ ಕರೆ ಮಾಡಿದವರ ಎಲ್ಲ ನಂಬರುಗಳಿಂದ ಹೊರಹೋಗುವ ಕರೆ ಹದಿನೈದು ದಿನ ಬಂದ್. ಮತ್ತೆ ಮಾಡಿದರೆ ಎಲ್ಲ ಫೋನ್ ಕಂಪನಿಗಳಲ್ಲೂ ಅವರ ಸಂಪರ್ಕ ಒಂದು ವರ್ಷ ಕಡಿತ. ಇದು ಕಾಗದದ ಮೇಲಿನ ಬೆದರಿಕೆ ಎಂದು ತಿಳಿಯಬೇಡಿ. 2024ರ ಆಗಸ್ಟ್‌ನಲ್ಲಿ ಟ್ರಾಯ್ ಕಟ್ಟುನಿಟ್ಟಿನ ಆದೇಶ ಹೊರಡಿಸಿದ ಮೇಲೆ, ಸೆಪ್ಟೆಂಬರ್ ಶುರುವಾಗುವಷ್ಟರಲ್ಲಿ 2.75 ಲಕ್ಷಕ್ಕೂ ಹೆಚ್ಚು ನಂಬರುಗಳನ್ನು ಕಡಿದುಹಾಕಿದ್ದರು. 50 ಸಂಸ್ಥೆಗಳನ್ನು ಕಪ್ಪುಪಟ್ಟಿಗೆ ಸೇರಿಸಿದ್ದರು.

ಟ್ರೂಕಾಲರ್‌ನಲ್ಲಿ ‘ಸ್ಪ್ಯಾಮ್’ ಎಂದು ಒತ್ತಿದೆ, ಸಾಲದೇ ಎಂದು ಕೇಳುತ್ತಾರೆ. ಸಾಲದು. ಅದರಿಂದ ಉಳಿದವರ ಫೋನಿನಲ್ಲಿ ಕೆಂಪು ಬಣ್ಣ ಕಾಣಬಹುದು, 1909ರ ಲೆಕ್ಕಕ್ಕೆ ಅದು ಸೇರುವುದಿಲ್ಲ.

ಡಿಎನ್‌ಡಿ ಇದ್ದರೂ ಕರೆ ಏಕೆ ಬರುತ್ತದೆ? ಒಂದು ಕಾರಣ, ನಿಯಮ ಮುರಿಯುವವರು. ಅವರಿಗೆ ಮೇಲಿನ ಮದ್ದು. ಇನ್ನೊಂದು ಕಾರಣ, ನಾವೇ ಕೊಟ್ಟ ಒಪ್ಪಿಗೆ. ಆ್ಯಪ್ ಹಾಕಿಕೊಳ್ಳುವಾಗ, ಮಾಲ್‌ನ ಲಕ್ಕಿ ಡ್ರಾ ಚೀಟಿ ತುಂಬುವಾಗ, ಫ್ಲ್ಯಾಟ್ ನೋಡಲು ಹೋದ ಕಡೆ ಸಹಿ ಹಾಕುವಾಗ ಸಣ್ಣ ಅಕ್ಷರದ ಸಾಲಿಗೆ ‘ಆಗಲಿ’ ಎಂದಿರುತ್ತೇವೆ. ಒಪ್ಪಿಗೆ ಕೊಟ್ಟ ಕಂಪನಿಗೆ ಡಿಎನ್‌ಡಿ ಅಡ್ಡ ಬರುವುದಿಲ್ಲ. ಆದರೆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು. ಹಾಗೆ ಪಡೆದ ಮೇಲೆ 90 ದಿನ ಅವರು ಮತ್ತೆ ಒಪ್ಪಿಗೆ ಕೇಳುವಂತಿಲ್ಲ. ಅಂಗಡಿಯ ಬಿಲ್ ಕೌಂಟರಿನಲ್ಲಿ ‘ಮೊಬೈಲ್ ನಂಬರ್ ಹೇಳಿ’ ಎಂದಾಗ ಹೇಳಲೇಬೇಕೆಂದಿಲ್ಲ. ನಂಬರು ಕೊಡದಿದ್ದರೆ ಬಿಲ್ ಮಾಡುವುದಿಲ್ಲ ಎಂದು ಒತ್ತಾಯ ಮಾಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ತಿಳಿಸಿದೆ.

ವಾಟ್ಸ್‌ಆ್ಯಪ್ ಕರೆ 1909ರ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲೇ ‘ರಿಪೋರ್ಟ್’ ಒತ್ತಿ. ಕರೆಯಲ್ಲಿ ಮೋಸದ ವಾಸನೆ ಇದ್ದರೆ, ಅಂದರೆ ‘ಕೆವೈಸಿ ಮುಗಿದಿದೆ’, ‘ಇವತ್ತು ರಾತ್ರಿ ಕರೆಂಟ್ ಕಟ್ ಮಾಡ್ತೀವಿ’, ‘ನಾವು ಪೊಲೀಸರು’ ಎಂಬ ಧಾಟಿ ಕೇಳಿದರೆ, ಅದಕ್ಕೆ ಬೇರೆ ಜಾಗವಿದೆ. ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ ಆ್ಯಪ್‌ನಲ್ಲಿ ‘ಚಕ್ಷು’ ಎಂಬ ವಿಭಾಗವಿದೆ, ವಾಟ್ಸ್‌ಆ್ಯಪ್ ಮೋಸವನ್ನೂ ಅಲ್ಲಿ ವರದಿ ಮಾಡಬಹುದು. ಹಣ ಹೋಗಿಯೇಬಿಟ್ಟಿದ್ದರೆ ಇದ್ಯಾವುದಕ್ಕೂ ಕಾಯದೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ಮಧ್ಯದಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಸೈಟು, ಫ್ಲ್ಯಾಟಿನ ಕರೆಗೆ ಒಂದೇ ಪ್ರಶ್ನೆ ಸಾಕು: ‘ರೇರಾ ನಂಬರ್ ಹೇಳಿ.’ ರೇರಾ ಎಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. ನೋಂದಣಿ ಬೇಕಾದ ಯೋಜನೆಯನ್ನು ನೋಂದಣಿಗೆ ಮೊದಲು ಪ್ರಚಾರ ಮಾಡುವಂತಿಲ್ಲ, ಜಾಹೀರಾತಿನಲ್ಲಿ ಆ ನಂಬರು ಇರಲೇಬೇಕು. ನಂಬರು ಹೇಳಲಾಗದವರ ಹತ್ತಿರ ಮಾತು ಮುಂದುವರಿಸುವ ಅಗತ್ಯವಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ಆ ಕಡೆ ಮಾತಾಡುವ ಹುಡುಗನೋ ಹುಡುಗಿಯೋ ನಮ್ಮ ಮಕ್ಕಳ ವಯಸ್ಸಿನವರು. ಬಹುಶಃ ಇದೇ ಊರಿನ ಯಾವುದೋ ಪಿಜಿಯಲ್ಲಿದ್ದು, ದಿನಕ್ಕೆ ಇಷ್ಟು ಕರೆ ಎಂಬ ಟಾರ್ಗೆಟ್ ಹೊತ್ತವರು. ಬೈದರೆ ಅವರಿಗೆ ನೋವು, ಕಂಪನಿಗೆ ಏನೂ ಇಲ್ಲ. ‘ಬೇಡ, ಈ ನಂಬರನ್ನು ನಿಮ್ಮ ಪಟ್ಟಿಯಿಂದ ತೆಗೀರಿ’ ಎಂದು ಹೇಳಿ ಇಟ್ಟುಬಿಡಿ. ದೂರು ಮುಟ್ಟುವುದು ಕಂಪನಿಗೆ.

ಬಾಗಿಲಿಗೆ ಬಂದಾಗ

ಮಗ, ಸೊಸೆ ಇಬ್ಬರೂ ಆಫೀಸಿಗೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಬಂದ ಅಪ್ಪ ಅಮ್ಮ. ಬಾಗಿಲಿಗೆ ಬಂದವರಿಗೆ ಒಂದು ಲೋಟ ನೀರು ಕೊಡದೆ ಕಳಿಸಿ ಗೊತ್ತಿಲ್ಲದ ಜನ. ಮಾರಾಟಕ್ಕೆ ಬರುವವರಿಗೂ ಇದು ಗೊತ್ತು. ಅದಕ್ಕೇ ಅವರು ಹನ್ನೊಂದರಿಂದ ನಾಲ್ಕರ ನಡುವೆ ಬರುತ್ತಾರೆ.

ಬಹಳ ಕಡೆ ನಡೆಯುವ ಒಂದು ಆಟವನ್ನು ವಿವರವಾಗಿ ಹೇಳುತ್ತೇನೆ. ವಾಟರ್ ಫಿಲ್ಟರ್ ಮಾರಲು ಬಂದವರು ‘ನಿಮ್ಮ ನೀರು ಫ್ರೀಯಾಗಿ ಟೆಸ್ಟ್ ಮಾಡ್ತೀವಿ ಆಂಟಿ’ ಎನ್ನುತ್ತಾರೆ. ಎರಡು ಲೋಟ ಇಡುತ್ತಾರೆ. ಒಂದರಲ್ಲಿ ನಿಮ್ಮ ನಲ್ಲಿ ನೀರು, ಇನ್ನೊಂದರಲ್ಲಿ ಅವರು ತಂದ ಆರ್‌ಓ ನೀರು. ಲೋಹದ ಕಡ್ಡಿಗಳಿರುವ ಸಣ್ಣ ಉಪಕರಣವನ್ನು ಎರಡಕ್ಕೂ ಇಳಿಬಿಟ್ಟು ಪ್ಲಗ್ಗಿಗೆ ಹಾಕುತ್ತಾರೆ. ಸ್ವಲ್ಪ ಹೊತ್ತಿಗೆ ನಿಮ್ಮ ಲೋಟದಲ್ಲಿ ಕಂದು ಬಣ್ಣದ ಕೆಸರು ಏಳುತ್ತದೆ, ಅವರ ಲೋಟ ತಿಳಿಯಾಗಿಯೇ ಇರುತ್ತದೆ. ‘ಇದನ್ನೇ ಮಗು ಕುಡೀತಿರೋದು’ ಎಂದಾಗ ಎಂಥವರಿಗೂ ಎದೆ ಧಸಕ್ ಎನ್ನುತ್ತದೆ.

ಆ ಕೆಸರು ನಿಮ್ಮ ನೀರಿನದಲ್ಲ, ಕಬ್ಬಿಣದ ಕಡ್ಡಿಯದು. ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂನಂಥ ಲವಣಗಳಿರುತ್ತವೆ. ಅದರಿಂದ ವಿದ್ಯುತ್ ಚೆನ್ನಾಗಿ ಹರಿಯುತ್ತದೆ, ಕಡ್ಡಿ ಕರಗಿ ತುಕ್ಕಾಗಿ ನೀರಿಗೆ ಇಳಿಯುತ್ತದೆ. ಆರ್‌ಓ ನೀರಿನಲ್ಲಿ ಲವಣ ಬಹಳ ಕಡಿಮೆ. ವಿದ್ಯುತ್ ಸರಿಯಾಗಿ ಹರಿಯದು, ಕಡ್ಡಿ ಕರಗದು. ಅನುಮಾನವಿದ್ದರೆ ಅವರ ತಿಳಿ ನೀರಿಗೇ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಮಾಡಿ ತೋರಿಸಲು ಹೇಳಿ. ಅದೂ ಕಂದಾಗುತ್ತದೆ.

ಅವರ ಕೈಯಲ್ಲಿ ಟಿಡಿಎಸ್ ಮೀಟರೂ ಇರುತ್ತದೆ. ನೀರಿನಲ್ಲಿ ಕರಗಿದ ಲವಣದ ಪ್ರಮಾಣವನ್ನು ಅದು ತೋರಿಸುತ್ತದೆ, ರೋಗಾಣುಗಳನ್ನು ತೋರಿಸುವುದಿಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಸರಿ. ಬೇರೆ ನೀರೇ ಇಲ್ಲದ ಕಡೆ 2000ದವರೆಗೆ ಒಪ್ಪಬಹುದು. ಹಾಗಾಗಿ ಮೀಟರ್ 250 ತೋರಿಸಿದಾಗ ಬೆಚ್ಚಬೇಕಿಲ್ಲ. ನಮ್ಮ ಹೊರವಲಯದಲ್ಲಿ ವರ್ಷಗಟ್ಟಲೆ ಬೋರ್‌ವೆಲ್, ಟ್ಯಾಂಕರ್ ನೀರನ್ನೇ ನಂಬಿದ್ದೆವು, ಆ ನೀರು ಗಡಸು, ಆರ್‌ಓ ಬೇಕಾದ ಮನೆಗಳು ನಿಜವಾಗಿಯೂ ಇದ್ದವು. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಶುರುವಾಗಿ, ಮಹದೇವಪುರವೂ ಸೇರಿದಂತೆ ಹೊರಭಾಗದ 110 ಹಳ್ಳಿಗಳಿಗೆ ದಿನಕ್ಕೆ 775 ದಶಲಕ್ಷ ಲೀಟರ್ ತರುವ ಯೋಜನೆ ಜಾರಿಗೆ ಬಂತು. ನಿಮ್ಮ ಮನೆಗೆ ಕಾವೇರಿ ಸಂಪರ್ಕ ಬಂದಿದ್ದರೆ ನೀರೇ ಬದಲಾಗಿದೆ. ಫಿಲ್ಟರ್ ಕೊಳ್ಳುವ ಮೊದಲು ಮಾನ್ಯತೆ ಇರುವ ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷೆ ಮಾಡಿಸಿ. ಮಾರುವವರೇ ಮಾಡುವ ಪರೀಕ್ಷೆ ಪರೀಕ್ಷೆಯಲ್ಲ.

ಇನ್ನೊಂದು ಗ್ಯಾಸ್ ಪೈಪಿನದು. ಕೊರಳಿಗೆ ಐಡಿ ಕಾರ್ಡ್ ತೂಗುಹಾಕಿಕೊಂಡ ಇಬ್ಬರು, ‘ಅಕ್ಕಾ, ಗ್ಯಾಸ್ ಆಫೀಸಿಂದ, ಚೆಕಿಂಗ್’ ಎನ್ನುತ್ತಾ ಅಡುಗೆಮನೆಗೆ ನುಗ್ಗುತ್ತಾರೆ. ಪೈಪ್ ಹಾಳಾಗಿದೆ ಎಂದು ಕಿತ್ತು ಹೊಸದು ಹಾಕಿ ಹಣ ಕೇಳುತ್ತಾರೆ. ಗ್ಯಾಸ್ ಏಜೆನ್ಸಿಯವರು ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡುವುದು ನಿಜ. ಆದ್ದರಿಂದಲೇ ಈ ಸುಳ್ಳು ನಡೆಯುತ್ತದೆ. ಬಂದವರನ್ನು ಹೊರಗೇ ನಿಲ್ಲಿಸಿ, ಗ್ಯಾಸ್ ಪುಸ್ತಕದಲ್ಲಿರುವ ಏಜೆನ್ಸಿಯ ನಂಬರಿಗೆ ಫೋನ್ ಮಾಡಿ ಕೇಳಿ. ಅವರೇ ಕೊಟ್ಟ ನಂಬರಿಗೆ ಮಾಡಬೇಡಿ. ಕಿತ್ತಳೆ ಬಣ್ಣದ ‘ಸುರಕ್ಷಾ’ ಪೈಪಿನ ಆಯಸ್ಸು ಐದು ವರ್ಷ. ಪೈಪಿನ ಮೇಲೆ ಅಚ್ಚಾದ ತಾರೀಖನ್ನು ನೀವೇ ಇವತ್ತು ನೋಡಿಟ್ಟುಕೊಂಡರೆ ‘ಹಾಳಾಗಿದೆ’ ಎಂಬ ಮಾತಿಗೆ ಹೆದರಬೇಕಿಲ್ಲ. ನಿಜವಾಗಿ ಗ್ಯಾಸ್ ಸೋರಿದರೆ 1906ಕ್ಕೆ ಕರೆ ಮಾಡಿ, ದಿನದ ಇಪ್ಪತ್ನಾಲ್ಕು ಗಂಟೆಯೂ ಇರುತ್ತದೆ. ಕರೆಂಟಿನವರು, ನೀರಿನವರು ಎಂದು ಬಂದರೂ ಹೀಗೇ: ಬೆಸ್ಕಾಂಗೆ 1912, ಜಲಮಂಡಳಿಗೆ 1916.

ಬಾಗಿಲಲ್ಲಿ ಹೇಳಬೇಕಾದ ಮಾತು ಎರಡೇ: ‘ನಮಗೆ ಬೇಡ.’ ಕಾರಣ ಹೇಳಬೇಡಿ. ‘ದುಡ್ಡಿಲ್ಲ’ ಎಂದರೆ ಇಎಂಐ ಇದೆ ಎನ್ನುತ್ತಾರೆ. ‘ಈಗಾಗಲೇ ಇದೆ’ ಎಂದರೆ ಎಕ್ಸ್‌ಚೇಂಜ್ ಎನ್ನುತ್ತಾರೆ. ‘ಮಗಳು ಸಂಜೆ ಬರ್ತಾಳೆ’ ಎಂದರೆ ಅಲ್ಲಿಯವರೆಗೆ ನೀವು ಒಬ್ಬರೇ ಎಂದು ತಿಳಿಸಿದಂತೆ. ಅಮ್ಮನಿಗೆ ಇದನ್ನು ಒಮ್ಮೆ ಕೂರಿಸಿಕೊಂಡು ಹೇಳಿ. ಕಬ್ಬಿಣದ ಗ್ರಿಲ್ ಬಾಗಿಲು ಹಾಕಿಕೊಂಡೇ ಮಾತಾಡುವುದು ಮರ್ಯಾದೆಗೇಡಲ್ಲ ಎಂದೂ ಹೇಳಿ, ಆ ಪೀಳಿಗೆಯವರಿಗೆ ಅದೇ ದೊಡ್ಡ ಸಂಕೋಚ. ಹೆಗ್ಗನಹಳ್ಳಿ, ಕಾಡುಗೋಡಿ, ಹೆಬ್ಬಗೋಡಿಯ ಬಿಡಿ ಮನೆಗಳಲ್ಲಿ ಕಾವಲುಗಾರ ಇರುವುದಿಲ್ಲ. ಅಲ್ಲಿ ಬಾಗಿಲ ಚೈನು, ನೋಡುವ ಗಾಜಿನ ಕಿಂಡಿ ಹಾಕಿಸಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಎರಡೂ ಸಿಗುತ್ತವೆ.

ಅಪಾರ್ಟ್‌ಮೆಂಟಿನಲ್ಲಿ ಗೇಟೇ ಬಾಗಿಲು. ಸೆಕ್ಯುರಿಟಿಯವರು ಆ್ಯಪ್‌ನಲ್ಲಿ ಹೆಸರು ಹಾಕಿದಾಗ ನಿಮ್ಮ ಫೋನಿಗೆ ‘ಬಿಡಲೇ?’ ಎಂದು ಬರುತ್ತದೆ. ಮೀಟಿಂಗ್‌ನಲ್ಲಿರುವಾಗ ನೋಡದೆ ‘ಅಪ್ರೂವ್’ ಒತ್ತುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಂದು ಮನೆಯ ಒಪ್ಪಿಗೆಯಲ್ಲಿ ಒಳಬಂದವರು ಹೋಗುವಾಗ ಆರು ಮಹಡಿಯ ಬೆಲ್ ಒತ್ತಿ ಇಳಿಯುತ್ತಾರೆ. ಇದರ ಜೊತೆಗೇ ಒಂದು ಕೋರಿಕೆ: ‘ಮಾರುವವರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡು ಸೊಪ್ಪು ಮಾರುವ ಅಜ್ಜಿಯನ್ನು ಅಟ್ಟುವ ಬೋರ್ಡಾಗಬಾರದು. ಕೆಲವು ಕಡೆ ಲೋನ್ ಮೇಳಕ್ಕೆ ಕ್ಲಬ್‌ಹೌಸಿನಲ್ಲಿ ಮೇಜು ಹಾಕಿಕೊಟ್ಟು, ಹೂವಿನವರನ್ನು ಗೇಟಿನಿಂದ ಓಡಿಸುವುದನ್ನು ಕಂಡರೆ ಬೇಸರವಾಗುತ್ತದೆ. ಅಸೋಸಿಯೇಷನ್ ಸಭೆಯಲ್ಲಿ ಇದನ್ನು ಮಾತಾಡಿ, ಇಬ್ಬರಿಗೂ ಬೇರೆ ಬೇರೆ ನಿಯಮ ಮಾಡಿ.

ಕಾನೂನು ಏನು ಹೇಳುತ್ತದೆ? ಡೈರೆಕ್ಟ್ ಸೆಲ್ಲಿಂಗ್, ಅಂದರೆ ಅಂಗಡಿಯಿಲ್ಲದೆ ಏಜೆಂಟರ ಜಾಲದ ಮೂಲಕ ಮಾರುವ ಕಂಪನಿಗಳಿಗೆ 2021ರ ಡಿಸೆಂಬರ್‌ನಿಂದ ಪ್ರತ್ಯೇಕ ನಿಯಮವಿದೆ. ಅವರ ಮಾರಾಟಗಾರರು ಗುರುತಿನ ಚೀಟಿ ಇಲ್ಲದೆ, ಮೊದಲೇ ಸಮಯ ಕೇಳದೆ ಮನೆಗೆ ಬರುವಂತಿಲ್ಲ. ತಾವು ಯಾರು, ಯಾವ ಕಂಪನಿ, ವಿಳಾಸವೇನು ಎಂದು ಮಾತು ಶುರು ಮಾಡುವಾಗಲೇ ನಿಜ ಹೇಳಬೇಕು. ಉಳಿದ ಮಾರಾಟಗಾರರಿಗೆ ಇಷ್ಟು ಬಿಗಿ ನಿಯಮವಿಲ್ಲ. ಆದರೆ ಯಾರೇ ಆಗಲಿ, ಹೊರಗೆ ಹೋಗಿ ಎಂದ ಮೇಲೂ ಬೆದರಿಸಲು, ಅವಮಾನಿಸಲು ಅಥವಾ ಕಿರಿಕಿರಿ ಮಾಡಲು ನಿಂತೇ ಇದ್ದರೆ ಅದು ಅತಿಕ್ರಮ ಪ್ರವೇಶ. ಭಾರತೀಯ ನ್ಯಾಯ ಸಂಹಿತೆಯ 329ನೇ ಕಲಂ ಅಡಿ ಅಪರಾಧ. ವಾದಕ್ಕಿಳಿಯದೆ 112ಕ್ಕೆ ಕರೆ ಮಾಡಿ.

ಹಣ ಕೊಟ್ಟಾಗಿದೆ, ಈಗ ಮೋಸ ಎನಿಸುತ್ತಿದೆ ಎನ್ನುವವರಿಗೆ: ಮೊದಲು ಬಿಲ್ ಹುಡುಕಿ. ಬಿಲ್ ಕೊಡದಿರುವುದೇ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಕೆಟ್ಟ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಬರೆಯದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲು ಒಪ್ಪದಿದ್ದರೂ ಹಾಗೆಯೇ. ಬಿಲ್ ಇಲ್ಲದಿದ್ದರೆ ಯುಪಿಐ ಪಾವತಿಯ ಸ್ಕ್ರೀನ್‌ಶಾಟ್, ಬಂದವರ ವಿಸಿಟಿಂಗ್ ಕಾರ್ಡ್, ಗೇಟಿನ ಆ್ಯಪ್‌ನಲ್ಲಿ ದಾಖಲಾದ ಸಮಯ ಎತ್ತಿಟ್ಟುಕೊಳ್ಳಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಶುಲ್ಕವಿಲ್ಲ. ಅವರು ಕಂಪನಿಗೆ ಬರೆದು ಉತ್ತರ ತರಿಸುತ್ತಾರೆ. ಎಷ್ಟೋ ಪ್ರಕರಣ ಅಲ್ಲೇ ಮುಗಿಯುತ್ತವೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಬೆಂಗಳೂರು ನಗರದ ಆಯೋಗ ಶಾಂತಿನಗರದ ಬಿಎಂಟಿಸಿ ಕಟ್ಟಡದಲ್ಲಿದೆ. ಅಲ್ಲಿಯವರೆಗೆ ಹೋಗಲಾಗದವರು ‘ಇ-ಜಾಗೃತಿ’ ಪೋರ್ಟಲ್‌ನಲ್ಲಿ ಮನೆಯಿಂದಲೇ ದೂರು ಸಲ್ಲಿಸಬಹುದು. ವಸ್ತುವಿಗೆ ಕೊಟ್ಟ ಹಣ ಐದು ಲಕ್ಷದವರೆಗಿದ್ದರೆ ಆಯೋಗದ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂಬ ಕಡ್ಡಾಯವೂ ಇಲ್ಲ.